ಎಮ್ಮಿ ಕುಡದ ಹಬ್ಬದ ಕಟ್ಟು

ಹತ್ತು ಮಂದಿನ್ನ ಉಣಲಿಕ್ಕೆ ಕರದ ಮನ್ಯಾಗ ಏನರೆ ಒಂದು ಫಜೀತಿ ಆಗದ ಹೋಗಂಗಿಲ್ಲ. ನಾ ಮೊದಲ ಸಲ ಹಬ್ಬದ ಅಡಗಿ ಹೊತಗೊಂಡ ದಿನ ಅಂತೂ ಒಂದರ ಬೆನ್ನಿಗೆ ಒಂದು ಆದವು. ಈಗ ನೆನಸಿದರ ನಗು ಬರತೈತಿ. ಅವತ್ತ ಜೀವ ಕೈಯಾಗಿತ್ತು.

ಜತ್ತ ಸಂಸ್ಥಾನ ಹೋಗಿ ಮುಂಬೈ ಸರಕಾರ ಬಂದಿದ್ದ ಹೊಸತು. ಸನಮಡಿಯ ನಮ್ಮ ಮನ್ಯಾಗ ಶ್ರಾವಣದಾಗ ಅತ್ತಿ ತೀರಿಕೊಂಡಿದ್ದರು. ಸತ್ತ ಮನಿಗೆ ಮೊದಲ ದೊಡ್ಡ ಹಬ್ಬಕ್ಕ ಬಳಗದವರು ಬಂದು ಸಿಹಿ ಉಣ್ಣಿಸಿ ದುಃಖ ಬಿಡಸೋದು ನಮ್ಮ ಪದ್ಧತಿ. ಹಂಗಂತ ಎಲ್ಲಾರೂ ದೀಪಾವಳಿ ಪಾಡ್ಯಕ್ಕ ಬಂದರು. ಮಾವನವರು ಮಾತ್ರ ಅತ್ತಿ ಹೋದಾಗಿಂದ ಒಣಾ ರೊಟ್ಟಿ, ಮಜ್ಜಿಗಿ ಬಿಟ್ಟು ಬ್ಯಾರೆ ಏನೂ ಮುಟ್ಟಿರಲಿಲ್ಲ. ಮಾತೂ ಅಷ್ಟ, ಹೂಂ, ಊಹೂಂ.

"ಇವತ್ತರೆ ಅಪ್ಪ ಉಣಲಿಲ್ಲಂದ್ರ ಇನ್ನ ಭಾಳ ದಿನ ಉಳಿಯಂಗಿಲ್ಲ ನೋಡು" ಅಂದರು ನನ್ನ ಯಜಮಾನರು. ಹಂಗಂದು ಕಟ್ಟಿಗಿ ಒಡೀಲಿಕ್ಕೆ ಹೋದರು.

ಕಟ್ಟು

ಅತ್ತಿ ಇದ್ದಾಗ ನನಗ ಹೋಳಿಗಿ ಲಟ್ಟಿಸೋದೊಂದ ಕೆಲಸ. "ಉಳದದ್ದು ನಾ ನೋಡಕೋತೀನಿ, ನೀ ಆಕಡೆ ಸರಿ" ಅನ್ನಾಕಿ. ಹಿಂಗಾಗಿ ಹೂರಣದ ಬ್ಯಾಳಿ ಬಸದ ಮ್ಯಾಲ ಆ ನೀರು ಏನ ಮಾಡಬೇಕು ಅಂತ ನನಗ ಗೊತ್ತಿರಲಿಲ್ಲ. ಅಕ್ಕಿ ತೊಳದ ನೀರು ಎಮ್ಮಿಗೆ ಹಾಕತಿದ್ದೆವಲ್ಲ, ಇದನ್ನೂ ಆರಿಸಿ ಹಂಗ ಹಾಕಿ ಬಂದೆ. ಎಮ್ಮಿ ಬಾನಿ ನೆಕ್ಕಿ ನನ್ನ ಕಡೆ ನೋಡತು.

ಅತ್ತಿಯ ಗೆಳತಿ, ಬಾಜೂ ಮನಿ ಬಳಿಗಾರ ಚಾಚಿ, ಹಿತ್ತಲ ಗೋಡಿ ಮ್ಯಾಲಿಂದ ನೋಡಿ ಹಣಿ ಬಡಕೊಂಡರು.

"ಯಾ ಅಲ್ಲಾ! ಬೇಟಿ, ಅದ ಕಟ್ಟು. ಅದರಾಗ ಸಾರು ಮಾಡತಾರ!"

"ಈಗೇನ ಮಾಡ್ಲಿ ಚಾಚಿ?"

"ಒಂದ ಮುಟಗಿ ಹೂರಣ ನೀರಾಗ ಕಲಸು. ಎಮ್ಮಿ ಯಾರ ಮುಂದೂ ಹೇಳಂಗಿಲ್ಲ."

ಉಪ್ಪು

ಮಾವನವರದೊಂದು ಚಟ ಇತ್ತು. ಪ್ರತಿ ಹಬ್ಬಕ್ಕೂ ಮೊದಲ ತುತ್ತಿಗೇ, "ಏ, ಸಾರಿಗೆ ಉಪ್ಪ ಹಾಕೀಯೇನು?" ಅಂತ ಪಂಗ್ತಿಯಿಂದ ಒದರವರು. ಅತ್ತಿ ಒಲಿ ಮುಂದಿಂದ, "ಮೊದಲ ನಾಲಿಗಿ ತೊಳಕೊಂಡು ಬರ್ರಿ" ಅನ್ನಾಕಿ. ಉಪ್ಪು ಸರಿ ಇದ್ದರೂ ಇದ ನಾಟಕ. ನಮಗೆಲ್ಲಾ ಅದರ ಭಯ.

ಅದಕ್ಕ ನಾ ಚಾಚಿ ಹೇಳಿದಂಗ ಮಾಡಿದ ಸಾರಿಗೆ ಒಂದ ಹಿಡಿ ಉಪ್ಪು ಜಾಸ್ತೀನ ಹಾಕಿದೆ. ತಿಕೋಂಡಿಯಿಂದ ಬಂದ ನಾದಿನಿ, "ಅಪ್ಪಗ ಉಪ್ಪು ಬೇಕು" ಅಂತ ತನ್ನ ಕೈಲೆ ಹಾಕಿದಳು. ಬಾಲಗಾಂವದಿಂದ ಬಂದ ಮಾವನವರ ತಂಗಿ, "ನಮ್ಮಣ್ಣನ ನಾಲಿಗಿ ನನಗ ಗೊತ್ತೈತಿ" ಅಂತ ಯಾರಿಗೂ ಕೇಳದ ಹಾಕಿದರು. ನೈವೇದ್ಯ ಆಗೂ ತನಕ ರುಚಿ ನೋಡಂಗಿಲ್ಲ. ಮೂರು ಸಲ ಬಿದ್ದದ್ದು ತಿಳದ ಮ್ಯಾಲ ಮೂವರೂ ಸಾರಿನ ಗಡಗಿಗೆ ಕೈ ಮುಗದಿವಿ.

ಅಯ್ನೋರ ನೀರಡಿಕಿ

ಮೊದಲ ಜಂಗಮ ಅಯ್ನೋರನ್ನ ಕೂಡಿಸಿ, ಪಾದ ತೊಳದು, ನೀಡಿದಿವಿ. ಅವರು ಸಾರು ಕಲಸಿದ ಅನ್ನ ಒಂದ ತುತ್ತು ಉಂಡು ಕಣ್ಣ ಮುಚ್ಚಿದರು. ನಾ ಭಕ್ತಿ ಅಂದಕೊಂಡೆ.

"ನೀರ ತರ್ರೆವಾ."

ಕೊಟ್ಟೆ. ಮತ್ತ ಕೇಳಿದರು. ಮತ್ತ ಕೊಟ್ಟೆ.

"ಅಡಗಿ ಹ್ಯಾಂಗ ಆಗೇತ್ರಿ ಅಯ್ನೋರ?"

"ಪ್ರಸಾದದಾಗ ಕುಂದ ಹುಡಕಬಾರದು ತಾಯೀ" ಅಂದು, ನೀರಿನ ತಂಬಿಗೀನ ಕೈಯಾಗ ಹಿಡಕೊಂಡು ಹೊರಗ ಕಟ್ಟಿ ಮ್ಯಾಲ ಹೋಗಿ ಕುಂತರು.

ಮಾವನವರ ತುತ್ತು

ಆಮ್ಯಾಲ ಪಂಗ್ತಿ ಕುಂತಿತು. ಮಾವನವರು ಹೋಳಿಗಿ ಮುರದು ಬಾಯಾಗ ಇಡೂ ತನಕ ಬಳಗದವರು ಕೈ ಹಚ್ಚಂಗಿಲ್ಲ. ಮಾವನವರು ಊಟದ ತಾಟು ನೋಡಕೋತ ಕುಂತರು. ಅತ್ತಿ ಒಲಿ ಮುಂದ ಕೂಡತಿದ್ದ ಜಾಗಾ ಖಾಲಿ ಇತ್ತು. ನಾ ಅಲ್ಲಿ ಕುಂದ್ರಲಿಕ್ಕೆ ಆಗದ ಬಾಗಲ ಹಿಂದ ನಿಂತಿದ್ದೆ. ನನಗೂ ಅತ್ತಿ ಬೇಕಾಗಿದ್ದಳು.

ಕಡೀಕ ಅವರು ಹೋಳಿಗಿ ಮುರದರು. ಸಾರಿನ್ಯಾಗ ಅದ್ದಿ ಬಾಯಾಗ ಇಟ್ಟರು. ನುಂಗಿದರು. ಆಮ್ಯಾಲ ಒಲಿ ಕಡೆ ಮಾರಿ ತಿರಗಿಸಿ,

"ಏ, ಸಾರಿಗೆ ಉಪ್ಪ ಹಾಕೀಯೇನು?"

ಬಾಯಿ ತಪ್ಪಿ ಬಂದ ಮಾತು ಅದು. ಯಾರಿಗೆ ಕೇಳಿದೆ ಅನ್ನೋದು ಅವರಿಗೇ ಆಮ್ಯಾಲ ತಿಳೀತು. ಕೈಯಾಗಿನ ಹೋಳಿಗಿ ಕೈಯಾಗ ಉಳೀತು. ನಾದಿನಿ ಸೆರಗು ಬಾಯಿಗೆ ಒತ್ತಿ ಹಿಡಕೊಂಡಳು. ಅವರು ಏಳಲಿಕ್ಕೆ ನೆಲಕ್ಕ ಕೈ ಊರಿದರು.

ಲಗ್ನ ಆದಾಗಿಂದ ಮಾವನವರ ಮುಂದ ನಾ ಒಂದ ಮಾತೂ ಆಡಿದಾಕಿ ಅಲ್ಲ. ಅವತ್ತ ಎಲ್ಲಿಂದ ಧೈರ್ಯ ಬಂತೋ, ಬಾಗಲ ಹಿಂದಿಂದ ಒದರಿದೆ:

"ಮೊದಲ ನಾಲಿಗಿ ತೊಳಕೊಂಡು ಬರ್ರಿ!"

ಮಾವನವರು ಹಂಗ ಕುಂತರು. ಅವರ ಹೆಗಲು ಅಳ್ಳಾಡಿದವು. ಅವರು ಅಳತಾರೋ ನಗತಾರೋ ನನಗ ತಿಳೀಲಿಲ್ಲ.

"ತೊಳಕೋತೀನಿ ಯವ್ವಾ, ತೊಳಕೋತೀನಿ. ಇಂಥಾ ಉಪ್ಪು ಜಲಮದಾಗ ಉಂಡಿದ್ದಿಲ್ಲ. ಆ ಸಾರು ಒಯ್ದು ಎಮ್ಮಿಗೆ ಹಾಕು!"

ಹಿತ್ತಲ ಗೋಡಿ ಮ್ಯಾಲಿಂದ ಚಾಚಿ ಕೂಗಿದರು: "ಅದು ಒಲ್ಲೆ ಅಂತೈತ್ರೀ! ಚಲೋ ಸಾರಿನ ಕಟ್ಟು ಮುಂಜಾನೇ ಕುಡದೈತಿ!"

ಹೊರಗ ಕಟ್ಟಿ ಮ್ಯಾಲ ಅಯ್ನೋರು ಬಾಯಾಗಿನ ನೀರು ಉಗುಳಿ ನಕ್ಕರು. ಮಾವನವರು ನಕ್ಕರು, ನಕ್ಕೋತ ನಕ್ಕೋತ ಅಳಾಕ ಹತ್ತಿದರು. ಅಳಕೋತನ, ಇನ್ನೊಂದು ಹೋಳಿಗಿ ನೀಡು ಅಂತ ತಾಟು ಮುಂದ ಸರಿಸಿದರು.