ಕನ್ನಪ್ಪನ ಸರಿಯುತ್ತರ

ಬೆಳಗಿನ ಗಂಟೆ ಹೊಡೆಯುವ ಮೊದಲೇ ಕೆರಿಯಮ್ಮ ಮಗ ಕನ್ನಪ್ಪನ ಕೈ ಹಿಡಿದೆಳೆದುಕೊಂಡು ಶಾಲೆಯ ಜಗಲಿ ಹತ್ತಿದಳು. ಹುಡುಗನ ತುಟಿ ಊದಿತ್ತು.

"ಮೇಷ್ಟ್ರೇ, ಆ ಜಟ್ಟಪ್ಪ ಇವನ್ನ ದಿನಾ ಹೊಡೀತಾನೆ. ಇವತ್ತೂ ಹೊಡ್ಸ್ಕಂಡು ಬಂದ್ರೆ ನಾಳೆಯಿಂದ ಶಾಲೆನೇ ಬ್ಯಾಡ, ದನ ಕಾಯ್ಲಿ. ದನ ಆದ್ರೂ ಇಷ್ಟು ಹಾಯಲ್ಲ!"

ಅಂಜನಪ್ಪ ಮೇಷ್ಟರಿಗೆ ದಿಗಿಲಾಯಿತು. ಓದುವ ಹುಡುಗ, ಒಮ್ಮೆ ದನದ ಹಿಂದೆ ಹೋದರೆ ಮತ್ತೆ ಬರುವವನಲ್ಲ. ಹೆಡ್‌ಮಾಸ್ಟರ್ ಮುಕುಂದಯ್ಯನವರ ಹತ್ತಿರ ಓಡಿದರು.

"ಹುಡುಗ್ರು ಅಂದ್ಮೇಲೆ ಹೊಡ್ಕಳದಿಲ್ವೇನಯ್ಯ?" ಎಂದರು ಅವರು, ಎಲೆಗೆ ಸುಣ್ಣ ಹಚ್ಚುತ್ತಾ. "ಅಷ್ಟು ಸಂಕಟ ಆದ್ರೆ ಮೂಗು ಹಿಡ್ಸು."

ಆ ಎಪ್ಪತ್ತೆಂಟನೇ ಇಸವಿಯಲ್ಲಿ ಹೊಸನಗರದ ಕಡೆ ಇದು ಮಾಮೂಲು. ಉತ್ತರ ಬಾರದವರೆಲ್ಲ ಎದ್ದು ನಿಲ್ಲಬೇಕು. ಸರಿಯಾಗಿ ಹೇಳಿದವನು ಒಬ್ಬೊಬ್ಬರ ಮೂಗು ಹಿಡಿದು ಕೆನ್ನೆಗೆ ಬಾರಿಸಬೇಕು. ಮೆಲ್ಲಗೆ ಹೊಡೆದರೆ ಮೇಷ್ಟ್ರು ಅವನಿಗೇ ಹೊಡೆದು ತೋರಿಸುತ್ತಿದ್ದರು. ಇದಕ್ಕೆ ಶಿಕ್ಷಣ ಎಂದು ಬೇರೆ ಹೆಸರು!

ಮೇಷ್ಟ್ರು ಕನ್ನಪ್ಪನನ್ನು ಬಾವಿಕಟ್ಟೆಗೆ ಕರೆದು ಉತ್ತರವೊಂದನ್ನು ಗುಟ್ಟಾಗಿ ಬಾಯಿಪಾಠ ಮಾಡಿಸಿದರು. "ಗಟ್ಟಿಯಾಗಿ ಹೊಡಿ ಮಾರಾಯ. ಒಂದ್ಸಲ ನಿನ್ನ ಕೈ ರುಚಿ ಸಿಕ್ರೆ ಜಟ್ಟಪ್ಪ ಮತ್ತೆ ತಂಟೆಗೆ ಬರಲ್ಲ."

ತರಗತಿಯಲ್ಲಿ ಕೇಳಿದರು, "ಮಂಗೋಲಿಯಾದ ರಾಜಧಾನಿ ಯಾವುದು?"

ಪಾಪ, ಹತ್ತಿರದ ಹಳೇ ರಾಜಧಾನಿ ಇಕ್ಕೇರಿ ಬಿಟ್ಟು ಬೇರೊಂದನ್ನು ಕಂಡಿರದ ಮಕ್ಕಳು. ಇಡೀ ತರಗತಿ ಎದ್ದು ನಿಂತಿತು.

"ಉಲಾನ್ ಬಾತರ್!" ಎಂದ ಕನ್ನಪ್ಪ.

ಜಟ್ಟಪ್ಪ ಕೊನೆಯ ಸಾಲಿನವನು. ಅವನವರೆಗೆ ಹೋಗಲು ಉಳಿದವರನ್ನೆಲ್ಲ ದಾಟಬೇಕೆಂಬುದು ಮೇಷ್ಟರಿಗೆ ಹೊಳೆದದ್ದು ಆಗಲೇ. ಕನ್ನಪ್ಪ ಹೇಳಿದ ಮಾತು ಮೀರುವ ಹುಡುಗನಲ್ಲ. ಪಟಾರ್! ಪಟಾರ್! ಪಕ್ಕದಲ್ಲಿ ಕೂರುವ ಗೆಳೆಯನಿಗೂ ಬಿತ್ತು, ಹೆಣ್ಣುಮಕ್ಕಳಿಗೂ ಬಿತ್ತು. ಜಟ್ಟಪ್ಪನ ಎದುರು ಮಾತ್ರ ನೊಣ ಓಡಿಸಿದ ಹಾಗೆ ಅವನ ಕೆನ್ನೆ ಸವರಿ ಬಂದ. ಮೇಷ್ಟ್ರು ಕಾಣದವರಂತೆ ಕಿಟಕಿಯ ಕಡೆ ತಿರುಗಿದರು.

ಸಂಜೆ ಶಾಲೆ ಬಿಟ್ಟಾಗ ತರಗತಿಗೆ ತರಗತಿಯೇ ಕನ್ನಪ್ಪನಿಗಾಗಿ ಹೊರಗೆ ಕಾದು ನಿಂತಿತ್ತು. ಮೇಷ್ಟ್ರು ಗದರಿದರೆ ಮಕ್ಕಳು ಮಾರು ದೂರ ಸರಿದು ಮತ್ತೆ ನಿಂತರು. ಎಂಥಾ ಕೆಲಸ ಮಾಡಿಬಿಟ್ಟೆ ಎಂದು ಮೇಷ್ಟರಿಗೆ ಅಳುವೇ ಬಂತು.

"ಬಾರೋ, ನಾನೇ ಮನೆಗೆ ಬಿಡ್ತೀನಿ."

"ಬ್ಯಾಡ ಸಾರ್, ಜಟ್ಟಪ್ಪ ಬಿಡ್ತಾನಂತೆ." ಕನ್ನಪ್ಪನ ಮುಖ ಅರಳಿತ್ತು. "ಇನ್ಮೇಲೆ ನನ್ನ ಯಾರಿಗೂ ಮುಟ್ಟಕ್ಕೆ ಬಿಡಲ್ವಂತೆ. ಹೊಡೆಯೋದಾದ್ರೆ ಅವನೊಬ್ನೇ ಅಂತೆ. ಶಾಲೆ ಬಿಡಿಸ್ಬ್ಯಾಡ ಅಂತ ಅಮ್ಮನ ಹತ್ರ ನೀವೇ ಒಂದ್ಮಾತು ಹೇಳಿ ಸಾರ್."