ಬೀಗರ ಪಟಕಾ, ನನ್ನ ಕಾಲಿನ ಸೂಜಿ

ಸೂಜಿ ಕಂಡರೆ ನನಗೆ ಅಂಜಿಕೆ. ಮನೆಯಾಕೆ ಅಂಗಿಗೆ ಗುಂಡಿ ಹಚ್ಚಲು ದಾರ ಪೋಣಿಸುತ್ತಿದ್ದರೂ ನಾನು ಏನೋ ನೆಪ ತೆಗೆದು ಹೊರಗೆ ಕಟ್ಟೆಯ ಮೇಲೆ ಹೋಗಿ ಕೂಡುವವ. ಅಂಥ ನಾನು ಸೂಜಿ ಚುಚ್ಚಿಸಿಕೊಂಡು ಬಂದೆನೆಂದರೆ, ಅದಕ್ಕಿಂತ ದೊಡ್ಡ ಅಂಜಿಕೆಯೊಂದು ಬೆನ್ನು ಹತ್ತಿತ್ತೆಂದೇ ತಿಳಿಯಬೇಕು.

ಆ ಅಂಜಿಕೆಯ ಹೆಸರು ಬೀಗರು. ಮಗಳ ಮದುವೆ ಗೊತ್ತಾಗಿತ್ತು. ಮದುವೆಯ ದಿನ ಹೆಣ್ಣಿನ ತಂದೆ ಗಂಡಿನ ತಂದೆಯ ತಲೆಗೆ ಕೈಯಾರೆ ಪಟಕಾ ಸುತ್ತಬೇಕು. ಅವರ ಮನೆತನದಲ್ಲಿ ಅದನ್ನು ನಿಂತೇ ಸುತ್ತಿಸಿಕೊಳ್ಳುವ ರೂಢಿ. ಬೀಗರು ಎತ್ತರದ ಆಳು, ಮಾತು ಕಡಿಮೆ, ಕುತ್ತಿಗೆ ಸದಾ ನೆಟ್ಟಗೆ. ಭಾಳ ಗತ್ತಿನ ಮನುಷ್ಯ ಎಂದು ಮೊದಲ ದಿನವೇ ಅಂಜಿದ್ದೆ. ನನ್ನ ಬಲಭುಜವೋ ಹಿಡಿದುಬಿಟ್ಟಿತ್ತು, ಕೈ ಎದೆಯಿಂದ ಮೇಲೆ ಏಳುತ್ತಿರಲಿಲ್ಲ. ಎಣ್ಣೆ, ಕಾವು, ಗುಳಿಗೆ ಎಲ್ಲ ಆದವು. ಪಟಕಾ ಸುತ್ತದಿದ್ದರೆ ಬೀಗರು ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಮಗಳಿಗೆ ಜನ್ಮಪೂರ್ತಿ ಆಡಿ ತೋರಿಸಿದರೆ? ಊಟ ಸೇರದಾಯಿತು.

ಕಡೆಗೆ ಹೆಂಡತಿ ಕಲಘಟಗಿಯ ಅಕ್ಯುಪಂಕ್ಚರ್ ಡಾಕ್ಟರಬಾಯಿಯ ಹತ್ತಿರ ಎಳೆದುಕೊಂಡು ಹೋದಳು. ಅವರು ಭುಜ ಮುಟ್ಟಿ ನೋಡಿ, ಧೋತರ ಮೊಳಕಾಲಿನ ತನಕ ಸರಿಸಲು ಹೇಳಿದರು. ನಾನು ಮತ್ತೊಮ್ಮೆ ಭುಜ ತೋರಿಸಿದೆ. ಸೂಜಿ ಕಾಲಿಗೇ ಎಂದರು. ಕೂದಲೆಳೆಯಷ್ಟು ತೆಳುವಂತೆ, ಅದರಲ್ಲಿ ಔಷಧ ಏನೂ ಇರುವುದಿಲ್ಲವಂತೆ. ಚುಚ್ಚಿದಲ್ಲಿ ನರ ಎಚ್ಚೆತ್ತು ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ, ಆಗ ಮೈ ತನ್ನದೇ ನೋವಿನ ಮದ್ದನ್ನು ಬಿಡುತ್ತದೆ, ಬಿಗಿದ ಸ್ನಾಯು ಸಡಿಲಾಗುತ್ತದೆ ಎಂದರು. ಚೀನಾದ ಹಳಬರು ಮೈತುಂಬ ಶಕ್ತಿ ಹರಿಯುವ ದಾರಿಗಳಿವೆ ಎನ್ನುತ್ತಿದ್ದರಂತೆ. ಕಾಲುವೆಯ ಗೇಟು ಒಂದು ಊರಲ್ಲಿ, ನೀರುಣ್ಣುವ ಹೊಲ ಇನ್ನೊಂದು ಊರಲ್ಲಿ ಇರುವುದಿಲ್ಲವೆ, ಹಾಗೆ. ಕೆಲವರಿಗೆ ನೋವು ಇಳಿಯುತ್ತದೆ, ಕೆಲವರಿಗೆ ಅಷ್ಟಕ್ಕಷ್ಟೆ, ಕೈಯ ವ್ಯಾಯಾಮವನ್ನಂತೂ ಬಿಡುವಂತಿಲ್ಲ ಎಂದೂ ಹೇಳಿದರು. ನನ್ನ ಕಿವಿಯಲ್ಲಿ ನಿಂತದ್ದು ಅಷ್ಟಕ್ಕಷ್ಟೆ ಎಂಬುದೊಂದೇ.

ಸೂಜಿ ಮುಟ್ಟುವ ಮೊದಲೇ "ಯವ್ವಾ" ಎಂದು ಕೂಗಿಬಿಟ್ಟೆ. ಹೊರಗೆ ಕೂತಿದ್ದ ಅಜ್ಜಿಯೊಬ್ಬಳು ತನ್ನ ಪಾಳಿ ಬಿಟ್ಟು ಎದ್ದು ಹೋದಳೆಂದು ಹೆಂಡತಿ ಆಮೇಲೆ ಹೇಳಿದಳು. ಸೂಜಿ ಕಾಲಲ್ಲಿರುವಾಗಲೇ ಡಾಕ್ಟರಬಾಯಿ ನಿಧಾನಕ್ಕೆ ಕೈ ಎತ್ತಿಸಿದರು. ತುಸು ಎದ್ದಿತು. ವಾರವಾರ ಹೋಗಿ, ಮನೆಯಲ್ಲಿ ಗೋಡೆಯ ಮೇಲೆ ಬೆರಳು ಏರಿಸುತ್ತ, ಮದುವೆಯ ಹೊತ್ತಿಗೆ ಕೈ ಕಿವಿಯ ತನಕ ಬಂತು. ನನ್ನ ಕಿವಿಯ ತನಕ, ಬೀಗರದಲ್ಲ.

ಮಂಟಪದಲ್ಲಿ ಪಟಕಾ ಹಿಡಿದು ಅವರ ಮುಂದೆ ನಿಂತೆ. ಅವರು ತಲೆ ಬಗ್ಗಿಸಲೆಂದು ಕಾದೆ. ಬಗ್ಗಿಸಲಿಲ್ಲ. ಮಂದಿಯೆಲ್ಲ ನೋಡುತ್ತಿದ್ದರು. ಏನೋ ತಪ್ಪಾಗಿದೆ, ಸಿಟ್ಟಾಗಿದ್ದಾರೆ ಎಂದುಕೊಂಡೆ. ಆಗ ಅವರು ತುಟಿ ಅಲುಗದಂತೆ ಅಂದರು: "ಬೀಗರ, ಸಿಟ್ಟಾಗಬ್ಯಾಡ್ರಿ. ನನ್ನ ಗೋಣು ಬಗ್ಗೂದಿಲ್ಲ. ಇದ ಚಿಂತ್ಯಾಗ ತಿಂಗಳಾತು, ನಿದ್ದಿ ಇಲ್ಲ."

ಹೆಂಡತಿ ಒಂದು ಮಣೆ ತಂದು ನನ್ನ ಕಾಲ ಬಳಿ ಇಟ್ಟಳು. ಹತ್ತಿ ನಿಂತು ಸುತ್ತಿದೆ. ಪಟಕಾ ಸ್ವಲ್ಪ ಸೊಟ್ಟಗಾಯಿತು, ಮಗಳು ನಕ್ಕಳು, ನನಗೆ ಜೀವ ಬಂತು.

ಊಟಕ್ಕೆ ಕೂತಾಗ ಸೂಜಿಯ ಸುದ್ದಿ ಹೇಳಿದೆ. ನೋಯುತ್ತದೇನು ಎಂದು ಬೀಗರು ಕೇಳಿದರು. "ಏನೂ ಇಲ್ರಿ, ಇರಿವಿ ಕಚ್ಚಿಧಂಗ" ಎಂದೆ. ಬಡಿಸುತ್ತಿದ್ದ ಹೆಂಡತಿ ಮುಖ ಆಚೆ ತಿರುಗಿಸಿದಳು. ಬರುವ ಸೋಮವಾರ ಅವರನ್ನು ನಾನೇ ಕರೆದುಕೊಂಡು ಹೋಗಬೇಕು, ನನ್ನ ಪಾಳಿಯೂ ಅಂದೇ ಇದೆ. "ಮೊದಲ ನೀವು ಚುಚ್ಚಿಸ್ಕೋರಿ, ನಾ ಬಾಜುಕ ನಿಂತು ನೋಡ್ತೇನಿ" ಎಂದಿದ್ದಾರೆ. ನನಗೆ ಮತ್ತೆ ಊಟ ಸೇರುತ್ತಿಲ್ಲ.