ಗುಂಡಿಗೆ ಬಳಿದ ಸುಣ್ಣ

ದರ್ಸೊನೊ ಮಾಡಿದ ತಪ್ಪು ಒಂದೇ. ಶನಿವಾರ ಸಂಜೆ ಪಾಕ್ ಲುರಾ ಅವರ ಜಗಲಿಯಲ್ಲಿ ಕೂತು ಕಾಫಿ ಹೀರುತ್ತ, "ನಾಳೆ ಜೋಗ್ಜಾ ಪಟ್ಟಣದಿಂದ ದೊಡ್ಡ ಪ್ರೊಫೆಸರ್ ಒಬ್ಬರು ನನ್ನ ಗುಂಡಿ ನೋಡೋಕೆ ಬರ್ತಿದ್ದಾರೆ" ಎಂದು ಬಾಯಿಬಿಟ್ಟ.

ಜಾವಾದಲ್ಲಿ ಪಾಕ್ ಲುರಾ ಎಂದರೆ ಊರಿನ ಮುಖ್ಯಸ್ಥ; ಮಾತಿನಲ್ಲಿ ಹಿರಿಯರು ಪಾಕ್, ಕಿರಿಯರು ಮಾಸ್. ವತುಲಾವಂಗ್ ಊರಿನ ಈ ಪಾಕ್ ಲುರಾ ಅತಿಥಿ ಎಂಬ ಶಬ್ದ ಕಿವಿಗೆ ಬಿದ್ದರೆ ಸಾಕು, ಕಾದ ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಅರಳುವ ಮನುಷ್ಯ.

"ಯಾವ ಗುಂಡಿ ಮಾಸ್? ಮೇಲೆ ಕಾಡಲ್ಲಿ ತೋಡಿದ್ದೀರಲ್ಲ, ಅದಾ?"

"ಅದೇ ಪಾಕ್."

"ಸರಿ. ನೀವು ನಿಶ್ಚಿಂತೆಯಾಗಿ ಮಲಗಿ."

ದರ್ಸೊನೊ ನಿಶ್ಚಿಂತೆಯಾಗಿ ಮಲಗಿದ. ಲೆಕ್ಕ ಹಾಕಿದರೆ ಅದು ಎರಡನೇ ತಪ್ಪು.

ಅವನು ಮಣ್ಣು ಸಮೀಕ್ಷೆಯ ಗುತ್ತಿಗೆ ನೌಕರ. ಆರು ವರ್ಷಗಳಿಂದ ಬೆಟ್ಟಬೆಟ್ಟ ಅಲೆದು ಎದೆಮಟ್ಟದ ಗುಂಡಿ ತೋಡುವುದು, ಗೋಡೆಯನ್ನು ಚಾಕುವಿನಿಂದ ಕೆರೆದು ಪದರ ಪದರವಾಗಿ ಬರೆದುಕೊಳ್ಳುವುದು, ಯಾವ ಜಾತಿಯ ಮಣ್ಣು ಎಂದು ನಿರ್ಧರಿಸುವುದು, ಇದೇ ಕೆಲಸ. ಈ ಕಾಡಿನ ಮಣ್ಣನ್ನು ನಲವತ್ತು ವರ್ಷದ ಹಳೆಯ ನಕಾಶೆ 'ಕಂದು ಕಾಡುಮಣ್ಣು' ಎನ್ನುತ್ತಿತ್ತು. ದರ್ಸೊನೊ 'ಜ್ವಾಲಾಮುಖಿಯ ಬೂದಿಮಣ್ಣು' ಎಂದು ಬರೆದು ಕಳಿಸಿದ್ದ. ಕಚೇರಿಯ ಮುಖ್ಯಸ್ಥರು ಕನ್ನಡಕದ ಮೇಲಿಂದ ನೋಡಿ ಹೇಳಿದ್ದರು: "ನಲವತ್ತು ವರ್ಷ ಯಾರೂ ತಪ್ಪು ಅನ್ನಲಿಲ್ಲ, ನೀನು ಅಂತಿದ್ದೀಯ. ತಜ್ಞರು ಬಂದು ನೋಡಲಿ. ನಿನ್ನ ಮಾತು ಸುಳ್ಳಾದರೆ ತಿಂಗಳ ಕೊನೆಗೆ ಗುತ್ತಿಗೆ ಮುಗೀತು. ನಿಜ ಆದರೆ ಲ್ಯಾಬಲ್ಲಿ ಒಂದು ಕುರ್ಚಿ ಖಾಲಿ ಇದೆ, ನೋಡೋಣ."

ಕುರ್ಚಿ! ಆರು ವರ್ಷ ಬೇರಿನ ಮೇಲೆ, ಬಂಡೆಯ ಮೇಲೆ, ಒಮ್ಮೆ ಕೆಂಜಿಗದ ಗೂಡಿನ ಮೇಲೆ ಕೂತವನಿಗೆ ಆ ಮಾತು ಮದುವೆಯ ಮಾತಿಗಿಂತ ಸಿಹಿಯಾಗಿತ್ತು. ಅದು ತಿರುಗುವ ಕುರ್ಚಿ ಎಂಬುದನ್ನೂ ಅವನು ವಿಚಾರಿಸಿಕೊಂಡಿದ್ದ.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಚೀಲ ಹೆಗಲಿಗೇರಿಸಿ ಕಾಡಿಗೆ ಹತ್ತಿದ. ಗುಂಡಿಯ ದಾರಿಯಲ್ಲಿ ಬಿದಿರಿನ ಕಮಾನು ಎದ್ದಿತ್ತು. ಕಮಾನಿಗೆ ಎಳೆ ತೆಂಗಿನ ಗರಿಯ ತೋರಣ. ಇಕ್ಕೆಲದ ಮರಗಳ ಬುಡಕ್ಕೆಲ್ಲ ಸೊಂಟದೆತ್ತರ ಬಿಳಿ ಸುಣ್ಣ. ಊರಿನ ಅರ್ಧ ಜನ ಪೊರಕೆ, ಬಕೆಟ್ಟು ಹಿಡಿದು ನಿಂತಿದ್ದರು. ಗುಂಡಿಗೆ ಇಳಿಯಲು ಮೆಟ್ಟಿಲು, ಹಿಡಿದುಕೊಳ್ಳಲು ಬಿದಿರಿನ ಕಟಾಂಜನ, ಪ್ರೊಫೆಸರರ ಕಾಲು ಕೆಸರಾಗದಿರಲೆಂದು ತಳಕ್ಕೆ ಹೊಳೆಯ ಕಲ್ಲು. ನಾಲ್ಕು ಗೋಡೆಗಳೂ ಹೊಸ ಮದುವೆಮನೆಯ ಹಾಗೆ ಬೆಳ್ಳಗೆ ಹೊಳೆಯುತ್ತಿದ್ದವು. ಒಂದು ಗೋಡೆಯಲ್ಲಿ ನೀಲಿ ಬಣ್ಣದಲ್ಲಿ 'ಸುಸ್ವಾಗತ' ಎಂದು ಬರೆದಿತ್ತು.

ಗುಂಡಿಯೊಳಗೆ ಬ್ರಷ್ ಹಿಡಿದು ನಿಂತಿದ್ದ ತುಕಿರಾನ್ ತಲೆಯೆತ್ತಿ ನಕ್ಕ. ಊರಲ್ಲಿ ಗುದ್ದಲಿ ಕೆಲಸಕ್ಕೂ ಕೊಂಕು ಮಾತಿಗೂ ಅವನೇ ಮೊದಲು.

"ಮಾಸ್, ಏನು ಗುಂಡಿ ತೋಡಿದ್ರಿ ನೀವು! ಒಳಗೆ ಮೇಲೊಂದು ಬಣ್ಣ, ಕೆಳಗೊಂದು ಬಣ್ಣ, ನಡುವೆ ಬೂದಿ ಗೆರೆ. ಥೂ, ಯಾರಾದ್ರೂ ನೋಡಿದ್ರೆ ಊರಿನ ಮರ್ಯಾದೆ ಏನಾಗ್ಬೇಕು? ಎಲ್ಲ ಒಂದೇ ಬಣ್ಣ ಮಾಡಿಬಿಟ್ವಿ."

ದರ್ಸೊನೊ ಬೇರಿನ ಮೇಲೆ ಕುಸಿದು ಕೂತ. ಆ ಬಣ್ಣಗಳನ್ನು ನೋಡಲಿಕ್ಕೇ ಅವನು ಮೂರು ದಿನ ಮಂಡಿಯೂರಿ ಕೆರೆದದ್ದು. ಆ ಬಣ್ಣಗಳನ್ನು ನೋಡಲಿಕ್ಕೇ ಪ್ರೊಫೆಸರು ನೂರು ಕಿಲೋಮೀಟರು ಬರುತ್ತಿದ್ದದ್ದು.

ಪಾಕ್ ಲುರಾ ಹತ್ತಿರ ಬಂದು ಬೆನ್ನು ಸವರಿದರು. "ಥ್ಯಾಂಕ್ಸ್ ಗೀಂಕ್ಸ್ ಏನೂ ಬೇಡ ಮಾಸ್. ಬೆಳಗಿನ ನಮಾಜು ಮುಗಿಸಿ ಮರದ ಡೋಲು ಬಡಿದೆ, ಮನೆಗೊಬ್ಬರಂತೆ ಬಂದ್ರು. ನಮ್ಮೂರಲ್ಲಿ ಹೀಗೇ."

ಬೈಯಬೇಕು ಎನಿಸಿತು. ಆದರೆ ಹುಟ್ಟಿದಾಗಿನಿಂದ ಜಾವಾದ ಸೌಜನ್ಯ ಕುಡಿದು ಬೆಳೆದ ನಾಲಿಗೆ ಅದು. "ತುಂಬಾ ಚೆನ್ನಾಗಿದೆ ಪಾಕ್" ಎಂದಿತು.

ಇರಲಿ, ಗೋಡೆಯನ್ನು ಒಂದು ಗೇಣು ಒಳಕ್ಕೆ ಕತ್ತರಿಸಿದರಾಯಿತು ಎಂದುಕೊಂಡು ಸಲಿಕೆ ಹಿಡಿದ. ಕತ್ತರಿಸಿದ ಜಾಗಕ್ಕೆ ಪರೀಕ್ಷೆಯ ಬಿಳಿ ಕಾಗದ ಒತ್ತಿ ನೋಡಿದ. ಬೂದಿಮಣ್ಣಾದರೆ ಫ್ಲೋರೈಡ್ ದ್ರಾವಣದ ಒಂದು ಹನಿ ಬಿಟ್ಟ ಮೇಲೆ ಕಾಗದ ಕೆಂಪಾಗಬೇಕು. ಇದು ಹನಿ ಬೀಳುವ ಮೊದಲೇ ಕೆಂಪಾಗಿ ಕೂತಿತು. ಸುಣ್ಣದ ಕೆಲಸ. ಬೂದಿಮಣ್ಣು ಮಂಡಕ್ಕಿಯಷ್ಟು ಹಗುರ, ಸ್ಪಂಜಿನಷ್ಟು ತೂತು. ಉಳಿದ ಬಕೆಟ್ಟುಗಳನ್ನು ವ್ಯರ್ಥ ಮಾಡಬಾರದೆಂದು ಜನ ಗುಂಡಿಯ ಅಂಚಿಗೇ ಸುರಿದಿದ್ದರು. ಸುಣ್ಣದ ನೀರು ಬೇರಿನ ದಾರಿ ಹಿಡಿದು ಎಲ್ಲೆಲ್ಲೋ ಇಳಿದಿತ್ತು. ಇನ್ನೊಂದು ಗೇಣು ಕತ್ತರಿಸಿದಾಗ ಗೋಡೆಯೇ ನಿಟ್ಟುಸಿರು ಬಿಟ್ಟು ಅವನ ಮಂಡಿಯ ಮೇಲೆ ಬಂದು ಕೂತಿತು. 'ಸುಸ್ವಾಗತ'ದಲ್ಲಿ 'ಸು' ಮಾತ್ರ ಉಳಿಯಿತು.

"ಮೂರು ಗಂಟೆಗೆ ಬರ್ತಾರೆ" ಎಂದ ದರ್ಸೊನೊ, ಯಾರಿಗೆಂದಿಲ್ಲದೆ. "ಅಷ್ಟರಲ್ಲಿ ಇನ್ನೊಂದು ಗುಂಡಿ ಆಗಬೇಕು."

"ಅಷ್ಟೇನಾ?" ಎಂದ ತುಕಿರಾನ್. "ಜಾಗ ತೋರಿಸಿ, ಮನೆ ಕಟ್ಟೋಷ್ಟು ತೋಡ್ತೀವಿ."

ತೋಡುವುದಕ್ಕೆ ಕೈಗಳಿದ್ದವು, ಜಾಗ ಮಾತ್ರ ಸಿಗಲಿಲ್ಲ. ಅವನು ತೋರಿಸಿದ ಮೊದಲ ಜಾಗ ಊರಿನ ಹಿರಿಯ ಆತ್ಮ ವಾಸವಾಗಿದ್ದ ಮರದ ನೆರಳಿಗೆ ಬಂತು. ಅಲ್ಲಿ ಗುದ್ದಲಿ ಹಾಕಿದವರ ಹೊಟ್ಟೆ ಕೆಡುತ್ತದಂತೆ. ಎರಡನೆಯ ಜಾಗದಲ್ಲಿ ಪಾಕ್ ಲುರಾ ಅವರ ಭಾವಮೈದುನ ಹಸುವಿಗೆಂದು ಹುಲ್ಲು ಬೆಳೆಸಿದ್ದ. ಆತ ಬೇಡ ಎನ್ನಲಿಲ್ಲ, "ಧಾರಾಳವಾಗಿ" ಎಂದು ಅಳುಮುಖ ಮಾಡಿ ನಿಂತ. ಅಲ್ಲಿ ಧಾರಾಳವಾಗಿ ಎಂದರೆ ಬೇಡ ಎಂದೇ ಅರ್ಥ. ಮೂರನೆಯದು ಬಿದಿರು ಮೆಳೆಯ ಪಕ್ಕ, ಗುದ್ದಲಿ ಟಣ್ ಎಂದು ಎಗರಿತು. ನಾಲ್ಕನೆಯದಕ್ಕೆ ಯಾರ ಆತ್ಮವೂ ಹಸುವೂ ಅಡ್ಡ ಬರಲಿಲ್ಲ.

ಒಂದೂವರೆಗೆ ಗುಂಡಿ ಸಿದ್ಧವಾಯಿತು. ಅಂಚಿನಲ್ಲಿ ಹುಲ್ಲಿನ ಚಾಪೆ ಹಾಕಿಕೊಂಡು ಪಾಕ್ ಲುರಾ ಅವರ ತಾಯಿ ಕಸಿಯೆಮ್ ಅಜ್ಜಿ ವೀಳ್ಯ ಮೆಲ್ಲುತ್ತಿದ್ದಳು. ದರ್ಸೊನೊ ಗೋಡೆ ಕೆರೆದ. ಮೇಲೆ ಮಸಿಯಂಥ ಕಪ್ಪು, ಕೆಳಗೆ ಜೇನಿನ ಬಣ್ಣ, ನಡುವೆ ಯಾವುದೋ ಹಳೆಯ ಸ್ಫೋಟದ ಬೂದು ಗೆರೆ. ಮೊದಲಿನದಕ್ಕಿಂತ ಚೆನ್ನಾಗಿತ್ತು. ಬೆಳಗಿನಿಂದ ಮೊದಲ ಸಲ ಅವನಿಗೆ ನಗು ಬಂತು.

"ಈ ಸಲ ಯಾರೂ ಏನೂ ಮುಟ್ಟಬೇಡಿ" ಎಂದು ಕೈಮುಗಿದ. "ನೋಡಿ, ಕಾಗದ ಕೆಂಪಾದ್ರೆ ನಾವು ಗೆದ್ದ ಹಾಗೆ. ಕೆಂಪಾಗ್ಲಿಲ್ಲ ಅಂದ್ರೆ ನನ್ನ ಕೆಲಸ ಹೋಯ್ತು. ಸುಣ್ಣ ಬಿದ್ರೆ ಕಾಗದ ತಾನಾಗೇ ಕೆಂಪಾಗಿಬಿಡುತ್ತೆ, ಅದಕ್ಕೇ ಹೇಳಿದ್ದು."

ಇಷ್ಟು ಹೇಳಿ ಅತಿಥಿಯನ್ನು ಎದುರುಗೊಳ್ಳಲು ಕೆಳಗಿಳಿದ. ಅಜ್ಜಿ ಕೆನ್ನೆಯ ವೀಳ್ಯವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟಿಸಿದಳು. ಅವಳು ಆ ಮಾತಿನಲ್ಲಿ ಯಾವುದನ್ನು ಹಿಡಿದುಕೊಂಡಳು, ಯಾವುದನ್ನು ಬಿಟ್ಟಳು ಎಂದು ತಿರುಗಿ ನೋಡುವಷ್ಟು ಹೊತ್ತು ಅವನಿಗಿರಲಿಲ್ಲ.

ಪ್ರೊಫೆಸರ್ ಬು ರೆತ್ನಾ ಜೀಪಿನಿಂದ ಇಳಿದರು; ಬು ಎಂದರೆ ಅಲ್ಲಿ ಅಮ್ಮ, ಮೇಡಂ. ಅರವತ್ತಾರು ವರ್ಷ, ಒಣಗಿದ ನುಗ್ಗೆಕಾಯಿಯಂಥ ಮೈ, ತಲೆಗೆ ಬೂದು ವಸ್ತ್ರ, ಸೊಂಟಕ್ಕೆ ಸ್ವಂತ ಚಾಕು. ಪಾಕ್ ಲುರಾ ಜಗಲಿಯಲ್ಲೇ ಎರಡೂ ಕೈಯಲ್ಲಿ ಕಾಫಿಯ ತಟ್ಟೆ ಹಿಡಿದು ಬಾಗಿದರು.

"ಮೊದಲು ಗುಂಡಿ" ಎಂದರು ಬು ರೆತ್ನಾ. "ಕಾಫಿ ಆಮೇಲೆ."

ಆ ಊರಲ್ಲಿ ಹುಟ್ಟಿದ ಯಾರೂ ಅಂಥ ಮಾತು ಕೇಳಿರಲಿಲ್ಲ. ಪ್ರೊಫೆಸರು ಆಗಲೇ ದಾರಿ ಹಿಡಿದಿದ್ದರು. ಮೂವತ್ತೆರಡರ ದರ್ಸೊನೊ ಏದುಸಿರು ಬಿಡುತ್ತ ಹಿಂದೆ ಓಡಿದ.

ಗುಂಡಿಯಲ್ಲಿ ಅವರು ಗೋಡೆಯನ್ನು ಮೇಲಿಂದ ಕೆಳಗೆ ನೋಡಿದರು. ಸಣ್ಣ ಮಣ್ಣುಗಟ್ಟಿ ಕಿತ್ತು ಕಾಗದಕ್ಕೆ ಒತ್ತಿದರು. ದ್ರಾವಣದ ಸೀಸೆಗೆ ಕೈ ಹಾಕಿದರು. ಸೀಸೆಯ ಮುಚ್ಚಳ ಇನ್ನೂ ತೆರೆದಿರಲಿಲ್ಲ, ಕಾಗದ ಅಜ್ಜಿಯ ತುಟಿಯಷ್ಟು ಕೆಂಪಾಗಿತ್ತು.

"ಗೆದ್ವಿ!" ಎಂದು ಕೂಗಿದ ತುಕಿರಾನ್. ಮೇಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು.

ಬು ರೆತ್ನಾ ದರ್ಸೊನೊನ ಮುಖ ನೋಡಿದರು. ಸುಮ್ಮನಿದ್ದರೆ ಬಚಾವಾಗಬಹುದಿತ್ತೋ ಏನೋ. ಆದರೆ ಆರು ವರ್ಷ ಗುಂಡಿಯಲ್ಲಿ ನಿಂತವನಿಗೆ ಗುಂಡಿಯೊಳಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ.

"ಬು, ಇದು ಮಣ್ಣಿನ ಕೆಂಪಲ್ಲ. ಸುಣ್ಣದ್ದು. ಯಾರೋ ಸುಣ್ಣ ಹಾಕಿದ್ದಾರೆ."

"ಯಾರೋ ಅಲ್ಲ, ನಾನೇ" ಎಂದಳು ಕಸಿಯೆಮ್ ಅಜ್ಜಿ ಮೇಲಿಂದ, ಸುಣ್ಣದ ಹಿತ್ತಾಳೆ ಡಬ್ಬಿ ಎತ್ತಿ ತೋರಿಸುತ್ತ. "ಹುಡುಗನ ಕೆಲಸ ಹೋಗುತ್ತೆ ಅಂತ ಕೇಳಿದೆ, ಬೆರಳಲ್ಲಿ ಒಂಚೂರು ಸವರಿದೆ. ನಂದು ಒಳ್ಳೇ ಸುಣ್ಣ. ಸಂತೆಯದ್ದಲ್ಲ."

ದರ್ಸೊನೊ ಕಣ್ಣು ಮುಚ್ಚಿಕೊಂಡ. ತಿರುಗುವ ಕುರ್ಚಿ ತಿರುತಿರುಗುತ್ತ ದೂರ ಹೋಗುವುದು ಕಾಣಿಸಿತು.

ಚಾಕು ಸರಿದ ಸದ್ದು ಕೇಳಿ ಕಣ್ಣು ಬಿಟ್ಟ. ಬು ರೆತ್ನಾ, ಅಜ್ಜಿ ಕೂತಿದ್ದ ಅಂಚನ್ನು ಬಿಟ್ಟು, ಎದುರಿನ ಗೋಡೆಯನ್ನು ನಾಲ್ಕು ಬೆರಳು ಒಳಕ್ಕೆ ಕೊರೆದು ಮುಷ್ಟಿಯಷ್ಟು ಒದ್ದೆ ಮಣ್ಣು ತೆಗೆದಿದ್ದರು. ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದರು. ಗಟ್ಟಿಯಾಗಿಯೇ ಇತ್ತು. ಇನ್ನೂ ಒತ್ತಿದರು. ಮಣ್ಣು ಥಟ್ಟನೆ ಸೋತು, ಬೆಣ್ಣೆಯ ಹಾಗೆ ಜಾರಿ, ಬೆರಳ ಸಂದಿಯಲ್ಲಿ ನೀರು ಬಿಟ್ಟಿತು. ಕೈ ಸಡಿಲಿಸಿದರೆ ಮತ್ತೆ ಗಟ್ಟಿ.

"ಬೂದಿಮಣ್ಣಿನ ಈ ಗುಣಕ್ಕೆ ಯಾವ ಅಜ್ಜಿಯೂ ಸುಣ್ಣ ಬಳಿಯೋಕಾಗಲ್ಲ" ಎಂದರು.

ಇನ್ನೊಂದು ಚೂರು ಹೊಸ ಕಾಗದಕ್ಕಿಟ್ಟರು. ಕಾಗದ ಬೆಳ್ಳಗೇ ಇತ್ತು. ಒಂದು ಹನಿ ಬಿಟ್ಟರು. ಅಜ್ಜಿ ಮೆಲ್ಲುವುದನ್ನು ನಿಲ್ಲಿಸಿದಳು. ಹನಿಯ ಅಂಚಿನಲ್ಲಿ ಮೊದಲು ನಸುಗೆಂಪು, ಆಮೇಲೆ ನಿಧಾನವಾಗಿ, ನಾಚಿದ ಕೆನ್ನೆಯ ಹಾಗೆ, ಇಡೀ ಕಾಗದ ಕೆಂಪಾಯಿತು.

ಬು ರೆತ್ನಾ ಚೀಲದಿಂದ ಹಳೆಯ ನಕಾಶೆ ತೆಗೆದರು. 'ಕಂದು ಕಾಡುಮಣ್ಣು' ಎಂಬುದರ ಮೇಲೆ ಪೆನ್ಸಿಲಿನಲ್ಲಿ ಗೀಟು ಹಾಕಿ, 'ಬೂದಿಮಣ್ಣು' ಎಂದು ಬರೆದು ಸಹಿ ಮಾಡಿದರು. "ನಿನ್ನ ಮಾತು ನಿಜ. ನಕಾಶೆಯದ್ದು ತಪ್ಪು."

ಆರು ವರ್ಷದ ಬೆನ್ನುನೋವು ಒಂದೇ ಸಲಕ್ಕೆ ಇಳಿದಂತಾಯಿತು. ಗೆದ್ದವನ ನಾಲಿಗೆಗೆ ಕಡಿವಾಣ ಇರುವುದಿಲ್ಲ. "ನಂಗೆ ಮೊದಲೇ ಗೊತ್ತಿತ್ತು ಬು! ಈ ನಕಾಶೆ ಮಾಡಿದವನು ಯಾವ ಸೋಂಬೇರಿಯೋ, ಹೆಸರು ಕೂಡ ಹಾಕಿಲ್ಲ. ಈ ಕಾಡಿಗೆ ಕಾಲೇ ಇಟ್ಟಿಲ್ಲ ಅವನು. ಎಲ್ಲೋ ಜಗಲಿಯಲ್ಲಿ ಕೂತು ಬಣ್ಣ ಹಚ್ಚಿದ್ದಾನೆ."

"ಹೌದು" ಎಂದರು ಬು ರೆತ್ನಾ. "ಈ ಅಜ್ಜಿಯ ಜಗಲಿಯಲ್ಲೇ."

ಕಸಿಯೆಮ್ ಅಜ್ಜಿ ಕುತ್ತಿಗೆ ಚಾಚಿ ಅವರನ್ನೇ ದಿಟ್ಟಿಸಿದಳು. "ಅಯ್ಯೋ, ನೀನಾ? ಆ ಜಡೆ ಹುಡುಗಿ? ಮಳೆ ಬರ್ತಿದೆ, ಕಾಡಿಗೆ ಹೋಗ್ಬೇಡ ಅಂತ ಕೂರಿಸಿ ಕರಿದ ಮರಗೆಣಸು ಕೊಟ್ಟಿದ್ದೆ. ಒಂಬತ್ತು ತಿಂದೆ ಕಣೇ!"

"ಎಂಟು" ಎಂದರು ಬು ರೆತ್ನಾ. "ಆಮೇಲೆ ಎದ್ದೇಳೋಕೆ ಆಗಲಿಲ್ಲ. ಇಪ್ಪತ್ತಾರು ವರ್ಷ ನಂಗೆ. ಪಕ್ಕದ ಬೆಟ್ಟದ್ದು ಕಂದು ಇತ್ತು, ಇದಕ್ಕೂ ಕಂದು ಹಚ್ಚಿ ಬಸ್ಸು ಹತ್ತಿದೆ. ನಾಚಿಕೆಗೆ ಹೆಸರು ಹಾಕಲಿಲ್ಲ. ನಲವತ್ತು ವರ್ಷ ಯಾರಾದ್ರೂ ತಪ್ಪು ಅಂತ ಬರೀತಾರಾ ಅಂತ ಕಾಯ್ತಿದ್ದೆ. ನೀನು ಬರೆದೆ."

ದರ್ಸೊನೊ ಮೆಟ್ಟಿಲಿಲ್ಲದ ಆ ಗುಂಡಿಯಲ್ಲಿ ಇನ್ನೂ ಆಳಕ್ಕೆ ಇಳಿಯಲು ಜಾಗವಿದೆಯೇ ಎಂದು ನೋಡಿದ. "ಕ್ಷಮಿಸಿ ಬು, ಸೋಂಬೇರಿ ಅಂದಿದ್ದು..."

"ಸರಿಯಾಗೇ ಅಂದೆ. ನಿನ್ನ ಮುಖ್ಯಸ್ಥರಿಗೆ ಬೆಳಿಗ್ಗೆಯೇ ಹೇಳಿ ಬಂದಿದ್ದೀನಿ: ಈ ಹುಡುಗ ನಿಜ ಹೇಳ್ತಿದ್ದಾನೆ ಅಂತ ಗೊತ್ತಾದ್ರೆ ಅವನನ್ನ ಲ್ಯಾಬಲ್ಲಿ ಕೂರಿಸಿ ಹಾಳು ಮಾಡ್ಬೇಡಿ ಅಂತ. ಆ ಕುರ್ಚಿಗೆ ಯಾರಾದ್ರೂ ಸಿಗ್ತಾರೆ. ಗುಂಡಿಯಲ್ಲಿ ನಿಂತು ತನ್ನ ವಿರುದ್ಧವೇ ಸಾಕ್ಷಿ ಹೇಳೋನು ಸಿಗಲ್ಲ." ಅವರು ಚೀಲದಿಂದ ಸುರುಳಿ ಸುತ್ತಿದ ಹಾಳೆಗಳ ಕಟ್ಟೊಂದನ್ನು ತೆಗೆದು ಅವನ ಕೈಗಿಟ್ಟರು. "ನಾನು ಹೀಗೇ ಬಣ್ಣ ಹಚ್ಚಿದ ಹಾಳೆಗಳು ಇನ್ನೂ ಹನ್ನೊಂದಿವೆ. ಎಲ್ಲ ಹೊಸದಾಗಿ ತೋಡು. ಮೂರು ವರ್ಷ ಹಿಡಿಯುತ್ತೆ. ಅದೇ ಗುತ್ತಿಗೆ. ಆದರೆ ನಕಾಶೆ ಮೇಲೆ ನಿನ್ನ ಹೆಸರು ಹಾಕು, ದಪ್ಪ ಅಕ್ಷರದಲ್ಲಿ."

ದರ್ಸೊನೊ ಕಟ್ಟು ಬಿಚ್ಚಿದ. ಬೆಟ್ಟದ ಮೇಲೆ ಬೆಟ್ಟ, ಕಣಿವೆಯ ಆಚೆ ಕಣಿವೆ, ಎಲ್ಲ ಒಂದೇ ಕಂದು. ಅವನ ಮಂಡಿಗಳು ಈಗಲೇ ಗೊಣಗತೊಡಗಿದವು. ಆದರೂ ಕಣ್ಣು ತಾನಾಗಿ ಮೂರನೇ ಹಾಳೆಯ ಒಂದು ಇಳಿಜಾರಿನ ಮೇಲೆ ನಿಂತಿತು. ಅದು ಕಂದಾಗಿರುವುದಕ್ಕೆ ಸಾಧ್ಯವೇ ಇಲ್ಲ ಎನಿಸಿ, ಬೇಡವೆಂದರೂ ಒಳಗೆಲ್ಲೋ ಖುಷಿಯಾಯಿತು.

"ಬು, ಹನ್ನೊಂದು ಊರಲ್ಲೂ ಅವತ್ತು ಮಳೆ ಬರ್ತಿತ್ತಾ?"

ಬು ರೆತ್ನಾ ಚಾಕು ಒರೆಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

"ನಾಲ್ಕರಲ್ಲಿ ಮಳೆ" ಎಂದರು. "ಏಳರಲ್ಲಿ ಮರಗೆಣಸು."